ಅಪ್ಪ ಬರೆದ ಬೆಟ್ಟ

ಓದುಗರಿಗೆ ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಕಾರಣ ತಿಳಿಯದ ಘಟನೆಗಳ ಬಗ್ಗೆ ಯಾರಾದರೂ ಹೇಳುವಾಗ ನಾನು ಸೌಜನ್ಯದಿಂದ ಕೇಳಿಸಿಕೊಳ್ಳುತ್ತಿದ್ದೆನೇ ಹೊರತು ನಂಬುತ್ತಿರಲಿಲ್ಲ. ಹೇಳುವವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಅವರು ಸರಿಯಾಗಿ ಗಮನಿಸಿರಲಿಕ್ಕಿಲ್ಲ, ಅಥವಾ ಆಮೇಲೆ ನೆನಪಿನಲ್ಲಿ ಸ್ವಲ್ಪ ಸೇರಿಸಿಕೊಂಡಿರಬೇಕು ಎಂದುಕೊಳ್ಳುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಹೀಗೆ ಮೊದಲು ಓದಿದವರಿಗೆ ಒಂದು ಅಳುಕು ಕೊನೆಯವರೆಗೂ ಉಳಿದುಬಿಡುತ್ತದೆ. ಒಂದು ಮಾತು ತಪ್ಪಿದರೂ ‘ಓದಿಸಿದ್ದು ದಂಡ’ ಎನ್ನುತ್ತಾರೇನೋ ಎಂಬ ಅಳುಕು ಅದು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ನಾನು ಎರಡು ಸಾಲಿನ ಟಿಪ್ಪಣಿಯನ್ನೂ ಮತ್ತೆ ಮತ್ತೆ ಓದಿಯೇ ಮೇಲಧಿಕಾರಿಗಳಿಗೆ ಕಳುಹಿಸುತ್ತೇನೆ. ಅಂಥವಳು ಈ ಅನುಭವವನ್ನು ಬರೆಯಲು ಕುಳಿತಿರುವುದು ಧೈರ್ಯದಿಂದಲ್ಲ. ಕೆಲವು ವರ್ಷಗಳಿಂದ ಒಬ್ಬಳೇ ಇದನ್ನು ಹೊತ್ತು ಸಾಕಾಗಿದೆ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ನಮ್ಮ ಮನೆ ಇರುವುದು ಚಾಮರಾಜಪೇಟೆಯಲ್ಲಿ. ಪೇಂಟರ್ ಚಿಕ್ಕಣ್ಣ ಎಂದರೆ ಅಲ್ಲಿನ ಹಳಬರೆಲ್ಲ ನನ್ನ ತಂದೆಯನ್ನು ಗುರುತಿಸುತ್ತಾರೆ. ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿಯ ಹೂಬಳ್ಳಿ, ಗೋಡೆಯ ಮೇಲಿನ ಜಾಹೀರಾತು, ಹೊಟ್ಟೆಪಾಡಿಗೆ ಅವರು ಬರೆಯದೇ ಬಿಟ್ಟದ್ದಿಲ್ಲ. ಆದರೆ ಮನಸ್ಸಿಟ್ಟು ಮಾಡುತ್ತಿದ್ದ ಕೆಲಸವೆಂದರೆ ಫೋಟೋ ಸ್ಟುಡಿಯೋಗಳಿಗೆ ಪರದೆ ಬರೆಯುವುದು. ಹಿಂದೆ ಸ್ಟುಡಿಯೋಗಳಲ್ಲಿ ಫೋಟೋ ತೆಗೆಸಿಕೊಳ್ಳುವವರ ಬೆನ್ನ ಹಿಂದೆ ಗೋಡೆಯಷ್ಟೇ ದೊಡ್ಡದಾದ ಬಟ್ಟೆಯೊಂದು ಇಳಿಬಿದ್ದಿರುತ್ತಿತ್ತು. ಅದರ ಮೇಲೆ ಅರಮನೆಯ ಮೆಟ್ಟಿಲೋ ಹೂದೋಟವೋ ಕೊಳವೋ ಇರುತ್ತಿತ್ತು. ನಮ್ಮ ಬೀದಿಯ ತುದಿಯಲ್ಲಿದ್ದ ಸ್ಟುಡಿಯೋಗೆ ಅಪ್ಪ ಬರೆದುಕೊಟ್ಟದ್ದು ಹಿಮದ ಬೆಟ್ಟ. ಸುತ್ತಮುತ್ತಲಿನ ಮದುಮಕ್ಕಳು, ನಾಮಕರಣದ ಕೂಸುಗಳು, ಹೊಸದಾಗಿ ಕೆಲಸ ಸಿಕ್ಕಿದ ಹುಡುಗರು, ಉಪ್ಪಾರಪೇಟೆಯ ಲಾಡ್ಜುಗಳಲ್ಲಿ ತಂಗಿದ್ದ ಪರವೂರಿನವರು, ಎಲ್ಲರೂ ಆ ಬೆಟ್ಟದ ಮುಂದೆ ನಿಂತು ಹೋದವರೇ.

ಅಪ್ಪ ಅದುವರೆಗೆ ಹಿಮದ ಬೆಟ್ಟವನ್ನು ನೋಡಿರಲಿಲ್ಲ. ನಂದಿಬೆಟ್ಟವನ್ನೂ ದೂರದಿಂದಷ್ಟೇ ನೋಡಿದ್ದರು. ಹೇಗೆ ಬರೆದಿರಿ ಎಂದು ನಾನು ಚಿಕ್ಕವಳಾಗಿದ್ದಾಗ ಕೇಳಿದ್ದೆ. ಬಸವನಗುಡಿಯ ದೊಡ್ಡ ಬಸವನ ಎದುರು ಗಂಟೆಗಟ್ಟಲೆ ಕುಳಿತು, ಅದರ ಬೆನ್ನಿನ ಡುಬ್ಬವನ್ನು ನೋಡಿ ಶಿಖರ ಮಾಡಿದರಂತೆ. ಕಹಳೆಬಂಡೆಯ ಕಲ್ಲುಗಳನ್ನು ನೋಡಿ ಹೊಳೆಯ ಪಕ್ಕದ ಬಂಡೆ ಬಂತು. ಲಾಲ್‌ಬಾಗಿನ ಕ್ರಿಸ್‌ಮಸ್ ಮರಗಳು ದೇವದಾರು ಮರಗಳಾದವು. ಕೆಂಪಾಂಬುಧಿ ಕೆರೆಯ ಕೋಡಿ ಹರಿದದ್ದನ್ನು ನೆನೆದು ಹೊಳೆ ಬರೆದರು. ನಮ್ಮ ಅಕ್ಕಪಕ್ಕದ ಪೇಟೆಗಳಲ್ಲೇ ಸುತ್ತಾಡಿ ಅವರು ಒಂದು ಹಿಮಾಲಯವನ್ನು ಒಟ್ಟುಮಾಡಿದ್ದರು. ಇದನ್ನು ನಾನು ಇಂದಿಗೂ ಬೆರಗಿನಿಂದಲೇ ನೆನೆಯುತ್ತೇನೆ.

ಪರದೆ ಬರೆಯುವವರು ತಪ್ಪದೆ ಪಾಲಿಸುವ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಮುಂದಿನದು ಅರ್ಥವಾಗಲು ಅದು ಅಗತ್ಯ. ಆ ಸ್ಟುಡಿಯೋದಲ್ಲಿ ದೊಡ್ಡ ದೀಪ ಕ್ಯಾಮೆರಾದ ಎಡಗಡೆಗೆ ನಿಂತಿರುತ್ತಿತ್ತು. ಆದ್ದರಿಂದ ಅಪ್ಪ ಬೆಟ್ಟದ ಎಡ ಇಳಿಜಾರನ್ನು ಬೆಳಗಿಸಿ, ನೆರಳನ್ನೆಲ್ಲ ಬಲಕ್ಕೆ ಹಾಕಿದ್ದರು. ನಿಂತವರ ಮುಖಕ್ಕೆ ಬಿದ್ದ ಬೆಳಕೇ ಬೆಟ್ಟಕ್ಕೂ ಬಿದ್ದಂತೆ ಕಂಡರೆ ಮಾತ್ರ ಫೋಟೋ ಒಪ್ಪವಾಗುತ್ತದೆ. ಅಪ್ಪನ ಬೆಟ್ಟಕ್ಕೆ ಸೂರ್ಯ ಎಂದರೆ ಆ ದೀಪವೇ.

ಒಮ್ಮೆ ಕಾಲೇಜು ಮೇಷ್ಟರೊಬ್ಬರು ಹೆಂಡತಿ ಮಕ್ಕಳೊಡನೆ ಫೋಟೋ ತೆಗೆಸಿಕೊಳ್ಳಲು ಬಂದರು. ಉತ್ತರದ ಕಡೆಯೆಲ್ಲ ಸುತ್ತಿ ಬಂದಿದ್ದವರಂತೆ. ಪರದೆಯನ್ನು ನೋಡಿ, “ಯಾವೂರು ಬೆಟ್ಟಾನ್ರೀ ಇದು? ಹಲ್ಲುಪುಡಿ ಸುರಿದ ಹಾಗಿದೆ!” ಎಂದು ನಕ್ಕರು. ಅಪ್ಪ ಅಲ್ಲೇ ಮೂಲೆಯಲ್ಲಿ ಇನ್ನೊಂದು ಪರದೆಗೆ ಬಣ್ಣ ಹಾಕುತ್ತಿದ್ದರು. ಅವರು ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದರು. ಆದರೆ ಆ ಮಾತು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮನೆಯಲ್ಲಿ ಯಾರಾದರೂ ಹಲ್ಲುಪುಡಿ ಎಂದರೂ ಅವರ ಮುಖ ಸಣ್ಣದಾಗುತ್ತಿತ್ತು.

ನಾನು ಪದವಿ ಪಡೆದ ವರ್ಷ ಸ್ಟುಡಿಯೋ ಪರದೆಗಳ ಕಾಲ ಮುಗಿಯುತ್ತಾ ಬಂದಿತ್ತು. ಆದರೂ ಅಪ್ಪ ಹಟ ಹಿಡಿದು ನನ್ನನ್ನು ಆ ಬೆಟ್ಟದ ಮುಂದೆಯೇ ನಿಲ್ಲಿಸಿ ಫೋಟೋ ತೆಗೆಸಿದರು. ಕೈಯಲ್ಲಿ ಸುರುಳಿ ಸುತ್ತಿದ ಪ್ರಮಾಣಪತ್ರ, ಬೆನ್ನ ಹಿಂದೆ ಬಸವನ ಡುಬ್ಬದ ಶಿಖರ. ಆ ಫೋಟೋ ಈಗಲೂ ನಮ್ಮ ಮನೆಯ ನಡುಮನೆಯಲ್ಲಿದೆ. ಆಮೇಲೆ ಸ್ಟುಡಿಯೋ ಮುಚ್ಚಿತು. ಪರದೆಯನ್ನು ತರಕಾರಿ ಗಾಡಿಯವರೊಬ್ಬರು ಮಳೆಗೆ ಹೊದಿಸಲು ಕೊಂಡುಹೋದರೆಂದು ಕೇಳಿದೆ.

ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ನಾನು ಕ್ಯಾಮೆರಾ ಕೊಂಡೆ. ಭಾನುವಾರಗಳಂದು ಲಾಲ್‌ಬಾಗಿನಲ್ಲಿ ಸೇರುವ ಹವ್ಯಾಸಿ ಛಾಯಾಗ್ರಾಹಕರ ಗುಂಪಿನ ಜೊತೆ ಓಡಾಡಿ ತಕ್ಕಮಟ್ಟಿಗೆ ಕಲಿತೆ. ಮನುಷ್ಯರ ಕೈ ಸೋಕದ ಬೆಟ್ಟಗಳ ಚಿತ್ರ ತೆಗೆಯಬೇಕೆಂಬುದು ನನ್ನ ಬಹುದಿನಗಳ ಆಸೆಯಾಗಿತ್ತು. ಒಂದು ಶರತ್ಕಾಲದಲ್ಲಿ, ದಸರಾ ರಜೆಗೆ ಇನ್ನಷ್ಟು ರಜೆ ಸೇರಿಸಿ, ಹಿಮಾಚಲದ ಕಿನ್ನೌರಿಗೆ ಹೋಗುವುದೆಂದು ತೀರ್ಮಾನಿಸಿದೆ. ಆಗ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆಯೇ, “ನಾನೂ ಬರ್ತೀನಿ” ಎಂದರು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. “ಕಾಶಿಗೆ ಹೋಗೋಣ ಬನ್ನಿ ಅಂದ್ರೆ ಮಂಡಿ ನೋವು ಅಂತಿದ್ರಿ. ಈಗ ಹಿಮಾಲಯ ಹತ್ತಕ್ಕೆ ಮಂಡಿ ಸರಿಹೋಯ್ತಾ?”

“ಕಾಶೀಲಿ ಬೆಟ್ಟ ಇಲ್ವಲ್ಲೇ” ಎಂದರು ಅಪ್ಪ.

ಅವರ ಮನಸ್ಸಿನಲ್ಲಿದ್ದುದು ಪ್ರಯಾಣದ ಮೊದಲ ದಿನವೇ ತಿಳಿಯಿತು. ಚಂಡೀಗಡದಿಂದ ಟ್ಯಾಕ್ಸಿಯಲ್ಲಿ ಹೊರಟಿದ್ದೆವು. ಅಮ್ಮ ಬಲವಂತವಾಗಿ ಕಟ್ಟಿಕೊಟ್ಟಿದ್ದ ಮಂಕಿ ಟೋಪಿಯನ್ನು ಚಳಿ ಶುರುವಾಗುವ ಮೊದಲೇ ಹಾಕಿಕೊಂಡು ಕುಳಿತಿದ್ದ ಅಪ್ಪ, ಇದ್ದಕ್ಕಿದ್ದಂತೆ ಹೇಳಿದರು: “ಅಲ್ಲಮ್ಮ, ಎಷ್ಟು ಜನ ನನ್ನ ಬೆಟ್ಟದ ಮುಂದೆ ನಿಂತ್ರು. ಗೋಡೇಲಿ ಹಾಕ್ಕೊಂಡಿದ್ದಾರೆ. ಅಂಥದ್ದು ಎಲ್ಲೂ ಇಲ್ಲ ಅಂದ್ರೆ ನಾನು ಅಷ್ಟು ಜನಕ್ಕೂ ಸುಳ್ಳು ಬರ್ದು ಕೊಟ್ಟ ಹಾಗಲ್ವಾ? ಕಣ್ಣು ಚೆನ್ನಾಗಿರೋವಾಗ್ಲೇ ಒಂದ್ಸಲ ನೋಡ್ಬಿಡ್ಬೇಕು.” ಅವರ ಎಡಗಣ್ಣಿನ ಪೊರೆಯನ್ನು ಆಗಲೇ ತೆಗೆಸಿಯಾಗಿತ್ತು, ಬಲಗಣ್ಣೂ ಮಬ್ಬಾಗತೊಡಗಿತ್ತು. ಹಾಗೆ ನನ್ನ ಛಾಯಾಗ್ರಹಣದ ಪ್ರವಾಸ ಅಪ್ಪನ ಪರೀಕ್ಷೆಯ ಪ್ರವಾಸವಾಯಿತು. ಫಲಿತಾಂಶದ ಹೆದರಿಕೆ ಅವರಿಗಿಂತ ನನಗೇ ಹೆಚ್ಚಾಗಿತ್ತು ಎಂದರೆ ತಪ್ಪಲ್ಲ.

ನಮ್ಮ ಚಾಲಕನ ಹೆಸರು ರೋಷನ್. ಅಪ್ಪ ಚಾಮರಾಜಪೇಟೆಯ ಸಾಬರ ಅಂಗಡಿಗಳಲ್ಲಿ ಕಲಿತ ಉರ್ದುವಿನಲ್ಲೇ ಅವನೊಡನೆ ಮಾತನಾಡುತ್ತಿದ್ದರು. ಚಹಾ ಬೇಕೇ ಎಂದು ಅವನು ಕೇಳಿದರೆ ಅಪ್ಪ “ನಕ್ಕೋ ಭಾಯ್, ನಕ್ಕೋ” ಎನ್ನುವರು. ಬೇಡ ಎನ್ನಲು ಇಂಥದೊಂದು ಪದವಿದೆ ಎಂದು ಗೊತ್ತಿರದ ಅವನು ಸ್ಟಿಯರಿಂಗ್ ಬಿಟ್ಟು ನಗುತ್ತಿದ್ದ. ಪ್ರಪಾತದ ಅಂಚಿನಲ್ಲಿ ಅವನು ಹಾಗೆ ನಕ್ಕಾಗಲೆಲ್ಲ ನಾನು ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಆ ಬೆಟ್ಟಗಳನ್ನು ಕುರಿತು ನಾನು ಎಷ್ಟು ಬರೆದರೂ ಸಾಲದು. ಕೆಳಗೆ ಸಿಮೆಂಟಿನ ಬಣ್ಣದ ಸಟ್ಲೆಜ್ ನದಿ. ಅದರ ಎರಡೂ ಕಡೆ ಹುಲ್ಲು ಕೂಡ ಹಿಡಿಯದ ಬಂಡೆಗೋಡೆಗಳು ನೇರವಾಗಿ ಎದ್ದು ನಿಂತಿದ್ದವು. ಅಲ್ಲಲ್ಲಿ ಮಾತ್ರ, ಯಾರೋ ಅರಿಶಿನ ಚೆಲ್ಲಿದಂತೆ, ಎಲೆ ಹಣ್ಣಾದ ಮರಗಳ ಗುಂಪು. ಮೇಲೆ, ನಾವು ಆಕಾಶವೆಂದು ತಿಳಿದಿದ್ದ ಎತ್ತರದಲ್ಲಿ, ಹಿಮ. ಮೊದಲ ಸಂಜೆ ಶಿಖರಗಳ ಮೇಲೆ ಬೆಳಕು ಕೆಂಪಗಾಗಿ ಆರಿಹೋಗುವವರೆಗೆ ನಾನು ಕ್ಯಾಮೆರಾದ ಗುಂಡಿ ಒತ್ತುವುದನ್ನೂ ಮರೆತು ನಿಂತೆ. ಆಮೇಲೆ ನೆನಪಾಗಿ ತೆಗೆದ ಚಿತ್ರಗಳಲ್ಲಿ ಅದರ ಕಾಲುಭಾಗವೂ ಬಂದಿಲ್ಲ. ಅಷ್ಟು ದೊಡ್ಡದರ ಎದುರು ನನ್ನ ಅಳುಕುಗಳೆಲ್ಲ ಎಲ್ಲಿ ಹೋದವೋ ತಿಳಿಯಲಿಲ್ಲ. ಅಲ್ಲಿ ನನ್ನನ್ನು ಸರಿ ತಪ್ಪು ಎಂದು ನೋಡುವವರು ಯಾರೂ ಇರಲಿಲ್ಲ.

ಅಪ್ಪ ಮಾತ್ರ ದಿನೇ ದಿನೇ ಮೌನವಾಗುತ್ತಾ ಹೋದರು. ಅವರೂ ಬೆರಗಾಗಿಯೇ ನೋಡುತ್ತಿದ್ದರು. ಆದರೆ ನೋಡಿದಷ್ಟೂ ಅವರ ಮುಖ ಬಾಡುತ್ತಿತ್ತು. “ಹಿಮಕ್ಕೆ ನಾನು ಬಿಳಿ ಬಳ್ದಿದ್ದೆ. ಇಲ್ಲಿ ನೋಡು. ನೀಲಿ ಇದೆ, ಬೂದಿ ಇದೆ, ಗುಲಾಬಿ ಇದೆ. ಬಿಳಿ ಒಂದು ಬಿಟ್ಟು ಎಲ್ಲಾ ಇದೆ” ಎಂದರು ಒಂದು ಬೆಳಿಗ್ಗೆ. ಇನ್ನೊಮ್ಮೆ, “ಇಲ್ಲಿ ಯಾವುದೂ ಗುಂಡಗಿಲ್ಲಮ್ಮ. ಎಲ್ಲಾ ಒಡ್ದು ಹಾಕಿದ ಹಾಗಿದೆ. ಡುಬ್ಬ ಎಲ್ಲಿಂದ ಬರ್ಬೇಕು?” ಎಂದರು. ನಾನು ಸಮಾಧಾನ ಹೇಳಲು ಹೋಗಿ, “ಅದು ಪರದೆ ಅಂತ ಎಲ್ರಿಗೂ ಗೊತ್ತಿತ್ತಪ್ಪ. ಯಾರೂ ನಿಜ ಅಂದ್ಕೊಂಡಿರ್ಲಿಲ್ಲ” ಎಂದುಬಿಟ್ಟೆ. ಅವರು ನನ್ನತ್ತ ತಿರುಗಿ, “ಹಂಗಂದ್ರೆ ಇನ್ನೂ ಬೇಜಾರು” ಎಂದರು.

ಹಿಂದಿರುಗುವ ದಿನ ಬಂತು. ಮಧ್ಯಾಹ್ನದ ಊಟ ಮುಗಿಸಿ, ನದಿಯ ಉದ್ದಕ್ಕೂ ಇಳಿಯುವ ಮುಖ್ಯರಸ್ತೆಗೆ ಸೇರಲು ಒಂದು ಪಕ್ಕದ ಕಣಿವೆಯ ದಾರಿಯಲ್ಲಿ ಬರುತ್ತಿದ್ದೆವು. ತಿರುವುಗಳಿಂದ ಅಪ್ಪನಿಗೆ ಹೊಟ್ಟೆ ತೊಳೆಸಿತು. “ಸ್ವಲ್ಪ ನಿಲ್ಲಿಸಪ್ಪಾ” ಎಂದು ಕನ್ನಡದಲ್ಲೇ ಕೂಗಿದರು. ರೋಷನ್‌ಗೆ ಅರ್ಥವಾಯಿತು. ಅವನು ಕಾರನ್ನು ಬದಿಗೆ ನಿಲ್ಲಿಸಿ ಹಿಂದಿನ ಚಕ್ರ ನೋಡತೊಡಗಿದ. ಅಪ್ಪ ನೀರಿನ ಬಾಟಲಿ ಹಿಡಿದು ತಿರುವಿನ ಆಚೆಗೆ ನಡೆದರು. ಒಬ್ಬರನ್ನೇ ಬಿಡಬಾರದೆಂದು ನಾನು ಕ್ಯಾಮೆರಾ ಮತ್ತು ಮುಕ್ಕಾಲಿ ಸ್ಟ್ಯಾಂಡನ್ನು ಹೆಗಲಿಗೇರಿಸಿ ಹಿಂದೆಯೇ ಹೋದೆ.

ತಿರುವು ದಾಟಿದಾಗ ಅಪ್ಪ ಬಾಯಿ ತೊಳೆದುಕೊಂಡು ನಿಂತಿದ್ದರು. ಅವರು ನನ್ನ ಕಡೆ ತಿರುಗದೆಯೇ, ಮನೆಯ ಜಗಲಿಯ ಮೇಲೆ ಕೂತು ಕರೆದಷ್ಟು ಸಹಜವಾಗಿ, “ಬಾಮ್ಮ ಇಲ್ಲಿ. ನೋಡು” ಎಂದರು.

ನೋಡಿದೆ. ಎದುರಿಗೆ ಕಣಿವೆ ತೆರೆದುಕೊಂಡಿತ್ತು. ಅದರ ಕೊನೆಯಲ್ಲಿ ಹಿಮದ ಶಿಖರ. ಬಸವನ ಡುಬ್ಬದಂತೆ ಒಂದು ಬದಿಗೆ ವಾಲಿದ, ದುಂಡಗಿನ ಶಿಖರ. ಅದರ ಕೆಳಗೆ ಬಲಕ್ಕೆ ಬಾಗಿ ಇಳಿಯುವ ಹೊಳೆ. ಹೊಳೆಯ ಪಕ್ಕದಲ್ಲಿ ಆನೆ ಮಲಗಿದಂಥ ಬಂಡೆ. ಬಂಡೆಯ ಹಿಂದೆ ದೇವದಾರು ಮರಗಳು. ಹಿಮ ನೀಲಿಯಾಗಿರಲಿಲ್ಲ, ಬೂದಿಯಾಗಿರಲಿಲ್ಲ. ಬೆಳ್ಳಗಿತ್ತು, ಅಪ್ಪ ಬಳಿದಿದ್ದಂಥ ಬಿಳಿಯೇ. ನಾನು ಹುಟ್ಟಿದಾಗಿನಿಂದ ನೋಡಿದ ಬೆಟ್ಟವದು. ಅದನ್ನು ಗುರುತಿಸಲು ನನಗೆ ಯೋಚಿಸಬೇಕಾಗಲಿಲ್ಲ. ಬೀದಿಯಲ್ಲಿ ಎದುರಾದ ನೆರೆಮನೆಯವರನ್ನು ಗುರುತಿಸಿದ ಹಾಗಿತ್ತು. ಮೊದಲ ಕ್ಷಣದಲ್ಲಿ ನನಗೆ ಭಯವಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಎಷ್ಟು ಚೆನ್ನಾಗಿದೆ ಎಂದಷ್ಟೇ ಅನ್ನಿಸಿತು. ಓದುಗರು ಇದನ್ನು ವಿಚಿತ್ರವೆಂದು ಭಾವಿಸಬಹುದು. ನನಗೂ ಆಮೇಲೆ ಹಾಗೇ ಅನ್ನಿಸಿತು.

ಅಪ್ಪ ಮಂಕಿ ಟೋಪಿ ತೆಗೆದು ಜೇಬಿಗಿಟ್ಟರು. ಬಾಚಣಿಗೆಯಿಂದ ತಲೆ ಬಾಚಿಕೊಂಡರು. ಸ್ವೆಟರಿನ ಗುಂಡಿ ಹಾಕಿ, ಅಂಗೈಯಿಂದ ಮುಖ ಒರೆಸಿಕೊಂಡು, ರಸ್ತೆಯ ಅಂಚಿನ ಕಟ್ಟೆಯ ಬಳಿ ಹೋಗಿ ನಿಂತರು. ಫೋಟೋ ತೆಗೆಸಿಕೊಳ್ಳಲು ಬಂದವರು ಎಲ್ಲಿ ನಿಲ್ಲುತ್ತಿದ್ದರೋ ಅಲ್ಲೇ: ಹೊಳೆಯ ಬಾಗನ್ನು ಮುಚ್ಚದಂತೆ ಒಂದು ಹೆಜ್ಜೆ ಬಲಕ್ಕೆ. ಅಷ್ಟು ಜನರನ್ನು ನಿಲ್ಲಿಸಿದ್ದ ಬೆಟ್ಟದ ಮುಂದೆ ಅವರು ತಾವೇ ನಿಂತದ್ದು ಅದೇ ಮೊದಲು. ಸ್ಟುಡಿಯೋದಲ್ಲಿ ಅವರ ಫೋಟೋ ಯಾರೂ ತೆಗೆದಿರಲಿಲ್ಲ.

“ತೆಗಿ” ಎಂದರು.

ನಾನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆ. ಕಿಂಡಿಯಲ್ಲಿ ನೋಡುತ್ತಾ, ಆ ಸ್ಟುಡಿಯೋದವರು ಹೇಳುತ್ತಿದ್ದಂತೆಯೇ, “ಗದ್ದ ಸ್ವಲ್ಪ ಎತ್ತಿಯಪ್ಪ” ಎಂದೆ. ಅವರು ಎತ್ತಿದರು. ಮುಖಕ್ಕೆ ಬೆಳಕು ಚೆನ್ನಾಗಿ ಬಿತ್ತು. ಮುಖದ ಬೆಳಕೂ ಬೆಟ್ಟದ ಬೆಳಕೂ ಕೂಡಿಕೊಂಡಿದ್ದವು. ಗುಂಡಿ ಒತ್ತಿದೆ.

ಒತ್ತಿದ ಮೇಲೆ ನನಗೆ ಹೊಳೆಯಿತು: ಬೆಳಕು ಎಡಗಡೆಯಿಂದ ಬರುತ್ತಿತ್ತು. ನಾನು ದಕ್ಷಿಣಕ್ಕೆ ಮುಖಮಾಡಿ ನಿಂತಿದ್ದೆ. ಮಧ್ಯಾಹ್ನ ಕಳೆದು ಸೂರ್ಯ ಪಶ್ಚಿಮಕ್ಕೆ ವಾಲಿದ್ದ, ಎಂದರೆ ನನ್ನ ಬಲಕ್ಕೆ. ನನ್ನ ಬಲಗೆನ್ನೆಗೆ ಅವನ ಬಿಸಿಲು ತಾಗುತ್ತಿತ್ತು. ಕೆಳಗೆ ನೋಡಿದೆ. ನನ್ನ ನೆರಳೂ ಸ್ಟ್ಯಾಂಡಿನ ಮೂರು ಕಾಲುಗಳ ನೆರಳೂ ರಸ್ತೆಯ ಮೇಲೆ ಎಡಕ್ಕೆ ಉದ್ದವಾಗಿ ಬಿದ್ದಿದ್ದವು. ತಲೆ ಎತ್ತಿ ನೋಡಿದೆ. ನನ್ನಿಂದ ಸ್ವಲ್ಪವೇ ದೂರದಲ್ಲಿದ್ದ ಅಪ್ಪನ ನೆರಳು ಬಲಕ್ಕೆ ಬಿದ್ದಿತ್ತು. ಮರಗಳ ನೆರಳೂ ಬಲಕ್ಕೆ. ಶಿಖರದ ಎಡ ಇಳಿಜಾರು ಬೆಳಗುತ್ತಿತ್ತು, ಬಲದ ಇಳಿಜಾರು ಕಪ್ಪಾಗಿತ್ತು. ಎಡಗಡೆಯಲ್ಲಿ ಇದ್ದದ್ದು ಬರಿಯ ಕಪ್ಪು ಬಂಡೆಗೋಡೆ. ಅಲ್ಲಿ ಹಿಮವಿರಲಿಲ್ಲ, ನೀರಿರಲಿಲ್ಲ, ಬೆಳಕನ್ನು ಹಿಂದಕ್ಕೆ ಎಸೆಯಬಲ್ಲ ಏನೂ ಇರಲಿಲ್ಲ.

ಆಗ ಭಯವಾಯಿತು. ಸ್ಟ್ಯಾಂಡನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎರಡನೆಯ ಚಿತ್ರ ತೆಗೆಯಲು ಗುಂಡಿ ಒತ್ತಿದರೆ ಕ್ಯಾಮೆರಾ ಸುಮ್ಮನಿತ್ತು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಅದರಲ್ಲಿ ವಿಶೇಷವೇನಿಲ್ಲ. ಕೈಚೀಲದಿಂದ ಇನ್ನೊಂದನ್ನು ತೆಗೆದು ಹಾಕಿಕೊಳ್ಳುವಷ್ಟರಲ್ಲಿ ಮೇಲಿನಿಂದ ಮೋಡ ಇಳಿದು ಕಣಿವೆಯನ್ನು ತುಂಬಿತು. ಅಪ್ಪ ಟೋಪಿ ಹಾಕಿಕೊಳ್ಳುತ್ತಾ ನನ್ನತ್ತ ಬಂದರು. ಸ್ವಲ್ಪ ಕಾದು ನೋಡೋಣವೆಂದೆ. “ಆಯ್ತಲ್ಲಮ್ಮ, ಇನ್ನೇನು?” ಎಂದು ಕಾರಿನತ್ತ ನಡೆದರು. ಹೊಟ್ಟೆ ತೊಳೆಸಿದ್ದವರು ಅರ್ಧ ದಾರಿಯಲ್ಲಿ ರೊಟ್ಟಿ ಕೇಳಿ ಪಡೆದು, ಅಮ್ಮನ ಚಟ್ನಿಪುಡಿ ಉದುರಿಸಿಕೊಂಡು ತಿಂದರು. ರೋಷನ್‌ಗೂ ತಿನ್ನಿಸಿದರು. ಅವನು ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು “ನಕ್ಕೋ, ನಕ್ಕೋ” ಎಂದಾಗ ಅಪ್ಪ ನಕ್ಕ ನಗುವನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ತಂದೆ. ಅದನ್ನು ನೋಡಿದ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು: “ಆ ಪರದೆ ಇನ್ನೂ ಇದ್ಯೇನ್ರೀ? ಗಾಡಿಯವನು ಒಯ್ದ ಅಂದಿದ್ರಿ?” ಬಂದವರೆಲ್ಲ ಕೇಳಿದ್ದೂ ಅದನ್ನೇ. ಹಿಮಾಲಯದ ಚಿತ್ರಗಳನ್ನು ನೋಡಲು ಬಂದ ಪಕ್ಕದ ಮನೆಯವರು ಉಳಿದ ಚಿತ್ರಗಳನ್ನೆಲ್ಲ ಕೊಂಡಾಡಿ, ಇದನ್ನು ನೋಡಿ, “ಇದು ನಮ್ಮ ಸ್ಟುಡಿಯೋದ್ದು, ಇದ್ರ ಮಧ್ಯ ಯಾಕೆ ಸೇರಿಸಿದ್ದೀರಾ?” ಎಂದರು. ನಾನು ವಿವರಿಸಲು ಬಾಯಿ ತೆರೆದೆ. ಅಪ್ಪ ಕಣ್ಸನ್ನೆಯಿಂದ ತಡೆದರು. ಅವರ ಮುಖದಲ್ಲಿ ತುಂಟತನವಿತ್ತು.

ನಾನು ಮಾತ್ರ ಸುಮ್ಮನಿರಲಾರದೆ ಹೋದೆ. ನಮ್ಮ ಲಾಲ್‌ಬಾಗಿನ ಗುಂಪಿನಲ್ಲಿ ಹಿರಿಯರಾದವರೊಬ್ಬರಿಗೆ ಮೂಲ ಕಡತವನ್ನೇ ಕೊಟ್ಟು ಪರೀಕ್ಷಿಸಲು ಕೇಳಿಕೊಂಡೆ. ಚಿತ್ರವನ್ನು ತಿದ್ದಿಲ್ಲವೆಂದು ಅವರು ಖಚಿತಪಡಿಸಿದರು. ಬೆಳಕಿನ ಬಗ್ಗೆ, “ಎಡಗಡೆ ಹಿಮ ಇದ್ದಿರ್ಬೇಕು ಮೇಡಂ, ಅದ್ರಿಂದ ಬಂದಿರತ್ತೆ” ಎಂದರು. ಹಿಮವಿರಲಿಲ್ಲ ಎಂದೆ. “ಹಾಗಾದ್ರೆ ನಂಗೊತ್ತಿಲ್ಲ” ಎಂದರು. ಆ ವರ್ಷದ ನಮ್ಮ ಪ್ರದರ್ಶನಕ್ಕೆ ನಾನು ಈ ಚಿತ್ರವನ್ನು ಕೊಡಲಿಲ್ಲ. ನಾನು ತೆಗೆದದ್ದರಲ್ಲಿ ಇದೇ ಅತ್ಯುತ್ತಮವಾದದ್ದು; ಆದರೆ ಮೋಸ ಮಾಡಿದ್ದಾಳೆ ಎನ್ನಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಆ ಜಾಗದ ಗುರುತು ನನ್ನ ಮೊಬೈಲಿನಲ್ಲಿ ಉಳಿದಿತ್ತು. ಅದನ್ನು ರೋಷನ್‌ಗೆ ಕಳುಹಿಸಿ, ಮತ್ತೆ ಆ ದಾರಿಯಲ್ಲಿ ಹೋದಾಗ ಅದೇ ತಿರುವಿನಿಂದ ಒಂದು ಚಿತ್ರ ತೆಗೆದು ಕಳುಹಿಸುವಂತೆ ವಿನಂತಿಸಿದೆ. ಅವನು ಮರೆಯದೆ ಕಳುಹಿಸಿದ. ಅದರಲ್ಲಿ ಕಣಿವೆಯಿದೆ, ಕೊನೆಯಲ್ಲಿ ಹಿಮವೂ ಇದೆ. ಆದರೆ ಶಿಖರಗಳು ಗರಗಸದ ಹಲ್ಲುಗಳಂತಿವೆ. ಹೊಳೆಯಿಲ್ಲ, ಬಂಡೆಯಿಲ್ಲ. ಇಳಿಜಾರೆಲ್ಲ ಜರಿದ ಕಂದು ಮಣ್ಣು. ಕೆಳಗೆ ಅವನ ಧ್ವನಿಸಂದೇಶವಿತ್ತು: “ದೀದಿ, ಇಲ್ಲಿ ಒಂದು ಮರವೂ ಇಲ್ಲ. ಅಂಕಲ್‌ಗೆ ನಮಸ್ಕಾರ ಹೇಳಿ.” ತಿರುವು ಬೇರೆಯದಾಗಿರಬಹುದೆಂದು ಎರಡೂ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದೆ. ರಸ್ತೆಯಂಚಿನ ಕಟ್ಟೆಯಲ್ಲಿ ಮೂಲೆ ಮುರಿದ ಒಂದು ಕಲ್ಲು ನನ್ನ ಚಿತ್ರದಲ್ಲಿ ಅಪ್ಪನ ಮೊಣಕಾಲಿನ ಪಕ್ಕದಲ್ಲಿದೆ. ಅದೇ ಕಲ್ಲು, ಅದೇ ಮುರುಕು, ರೋಷನ್ ಕಳುಹಿಸಿದ ಚಿತ್ರದಲ್ಲೂ ಇದೆ.

ಇಷ್ಟಾದರೂ ನಾನು ಸೋಲೊಪ್ಪಲಿಲ್ಲ. ನಡುಮನೆಯಿಂದ ನನ್ನ ಪದವಿಯ ಫೋಟೋವನ್ನು ಇಳಿಸಿ, ಹೊಸ ಚಿತ್ರದ ಪಕ್ಕದಲ್ಲಿಟ್ಟು, ಇಂಚಿಂಚೂ ಹೋಲಿಸಿದೆ. ಒಂದು ವ್ಯತ್ಯಾಸ ಸಿಕ್ಕಿತು. ಪರದೆಯಲ್ಲಿ ದೇವದಾರು ಮರಗಳು ನಾಲ್ಕು. ನನ್ನ ಚಿತ್ರದಲ್ಲಿ ಮೂರೇ. ಬಂಡೆಯ ಎಡಕ್ಕೆ ಪರದೆಯಲ್ಲಿದ್ದ ದಪ್ಪ ಮರ ಅಲ್ಲಿ ಇರಲಿಲ್ಲ. ನಿಜ ಹೇಳುತ್ತೇನೆ, ನನ್ನ ಎದೆಯ ಭಾರ ಇಳಿದಂತಾಯಿತು. ಎರಡೂ ಒಂದೇ ಅಲ್ಲ ಎಂದಾದರೆ ಉಳಿದದ್ದಕ್ಕೂ ಏನಾದರೂ ಕಾರಣ ಇದ್ದೇ ಇರುತ್ತದೆ. ಆ ಸಮಾಧಾನದಲ್ಲಿ, ಇದರಿಂದ ಅವರಿಗೆ ನೋವಾದೀತು ಎಂಬುದನ್ನೂ ಯೋಚಿಸದೆ, ಅಪ್ಪನನ್ನು ಕರೆದು ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿದರು. ಮುಖ ಬಾಡುತ್ತದೆಂದು ನಾನು ಕಾದೆ.

“ಅದಾ? ಅದು ನಾನು ಆಮೇಲೆ ಹಾಕಿದ್ದು” ಎಂದರು. “ಮೊದ್ಲು ಮೂರೇ ಬರ್ದಿದ್ದೆ. ಮದುವೆ ಪಾರ್ಟಿಯವರ ಮಗು ಒಂದು ಪರದೆ ಹಿಡ್ಕೊಂಡು ಜೋತಾಡಿ ಅಲ್ಲಿ ಹರಿದುಬಿಡ್ತು. ತೇಪೆ ಹಾಕಿ ಹೊಲಿದ್ರು. ಹೊಲಿಗೆ ಕಾಣಬಾರ್ದು ಅಂತ ಅದ್ರ ಮೇಲೆ ಒಂದು ಮರ ಬರ್ದೆ. ಅದಕ್ಕೇ ಅದೊಂದು ದಪ್ಪ. ನಂಗೆ ಅದು ಯಾವತ್ತೂ ಹಿಡಿಸ್ಲಿಲ್ಲ.”

ಮರುದಿನ ಕಚೇರಿಯಿಂದ ನೇರವಾಗಿ ತ್ಯಾಗರಾಜನಗರದಲ್ಲಿರುವ ನನ್ನ ಸೋದರತ್ತೆಯ ಮನೆಗೆ ಹೋದೆ. ಅವರ ಮದುವೆಯ ಫೋಟೋ ಅದೇ ಸ್ಟುಡಿಯೋದಲ್ಲಿ, ನಾನು ಹುಟ್ಟುವ ಮೊದಲು ತೆಗೆಸಿದ್ದು. ಅತ್ತೆ ದೇವರಮನೆಯ ಪಕ್ಕದ ಗೋಡೆಯಿಂದ ಅದನ್ನು ಇಳಿಸಿಕೊಟ್ಟು, ಸೆರಗಿನಿಂದ ಗಾಜು ಒರೆಸಿ, “ಈಗೇನು ನನ್ನ ಮದುವೆ ಮೇಲೆ ನಿಂಗೆ ಅನುಮಾನ?” ಎಂದು ನಕ್ಕರು. ಬಾಸಿಂಗ ಕಟ್ಟಿಕೊಂಡ ಅತ್ತೆ ಮಾವನ ಹಿಂದೆ ಬಸವನ ಡುಬ್ಬದ ಶಿಖರ. ಹೊಳೆ. ಬಂಡೆ. ಬಂಡೆಯ ಹಿಂದೆ ದೇವದಾರು ಮರಗಳು ಮೂರೇ. ಮರಗಳು ನಿಂತ ಅಂತರ, ಮಧ್ಯದ್ದು ಸ್ವಲ್ಪ ಬಾಗಿರುವುದು, ಯಾವುದರಲ್ಲೂ ನಾನು ಕಿನ್ನೌರಿನಲ್ಲಿ ತೆಗೆದ ಚಿತ್ರಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅತ್ತೆ ಕೊಟ್ಟ ಕಾಫಿ ಕೈಯಲ್ಲೇ ಆರಿಹೋಯಿತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ಹೊರಟಿದ್ದರು.

“ಹ್ಞೂ ಮತ್ತೆ, ನಾನು ಹೇಳ್ಲಿಲ್ವಾ? ಅಲ್ಲಿರೋದು ಮೂರೇ ಮರ” ಎಂದು, ಇದರಲ್ಲಿ ಮಾತಾಡುವಂಥದ್ದೇನೂ ಇಲ್ಲವೆಂಬಂತೆ, ಕಾಫಿಪುಡಿ ತರಲು ಹೋದರು.

ತಾವು ಬರೆದದ್ದು ಸುಳ್ಳೇ ಎಂದು ಅಪ್ಪ ಆಮೇಲೆ ಯಾರನ್ನೂ ಕೇಳಿಲ್ಲ. ಬಲಗಣ್ಣಿನ ಪೊರೆಯನ್ನೂ ತೆಗೆಸಿಯಾಯಿತು. ನೆಂಟರ ಮನೆಗಳಿಗೆ ಹೋದಾಗ ಗೋಡೆಯ ಮೇಲಿನ ಹಳೆಯ ಫೋಟೋಗಳ ಮುಂದೆ ಈಗ ಧಾರಾಳವಾಗಿ ನಿಲ್ಲುತ್ತಾರೆ. ಪ್ರಶ್ನೆ ಕೇಳುವವಳು ಈಗ ನಾನು. ರಾತ್ರಿ ಮಲಗುವ ಮುನ್ನ ಆ ಚಿತ್ರವನ್ನು ತೆರೆದು, ಅಪ್ಪನ ಕಾಲಬುಡದಿಂದ ಬಲಕ್ಕೆ ಚಾಚಿಕೊಂಡ ನೆರಳನ್ನು ನೋಡುತ್ತೇನೆ. ಆ ಹೊತ್ತಿನಲ್ಲಿ ಅಲ್ಲಿ ಎಡಗಡೆಗೆ ಯಾವ ದೀಪ ಉರಿಯುತ್ತಿತ್ತು? ನಾನು ಓದಿದ ಯಾವ ಓದಿನಲ್ಲೂ ಇದಕ್ಕೆ ಉತ್ತರ ಸಿಕ್ಕಿಲ್ಲ.